ಬೆಟ್ಟದಡಿಯ ಹನ್ನೊಂದು ಮನೆ

“ಈ ಕಡೆ ಬರಲ್ಲ, ಹೆದರ್ಕೋಬೇಡಿ” ಎಂದು ನಾನು ಆ ಹೆಂಗಸಿಗೆ ಹೇಳಿದಾಗ ಮಧ್ಯಾಹ್ನ ಹನ್ನೆರಡೂವರೆ. ಆಕೆಯ ಮನೆ ಹೊತ್ತಿಕೊಂಡದ್ದು ಎರಡು ಗಂಟೆಗೆ.

ಕೈಲಾಂಚ ಹೋಬಳಿಯ ಬೆಟ್ಟಸಾಲಿನಲ್ಲಿ ಒಂದು ಗಸ್ತಿಗೆ ನಾನು ಅರಣ್ಯ ಇಲಾಖೆಯ ಗಾರ್ಡು. ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ಹಿಂದಿನ ವರ್ಷ ಮಳೆ ಚೆನ್ನಾಗಿ ಬಿದ್ದಿದ್ದರಿಂದ ಬಾದೆ ಹುಲ್ಲು ಎದೆಮಟ್ಟ ಬೆಳೆದು, ಈಗ ಒಣಗಿ, ಕಾಲಿಟ್ಟರೆ ಚರಚರ ಎನ್ನುತ್ತಿತ್ತು. ಯಾರೋ ಹೊಲದ ಬದುವಿನ ಕಸಕ್ಕೆ ಇಟ್ಟ ಬೆಂಕಿ ಬೆಟ್ಟ ಹತ್ತಿತ್ತು. ನಾನೂ ಬೆಂಕಿ ಕಾವಲಿನ ನಾಲ್ವರು ವಾಚರುಗಳೂ ಮೇಲಕ್ಕೆ ಓಡುತ್ತಿದ್ದಾಗ ದಾರಿಯ ಒಂಟಿಮನೆಯ ಮುಂದೆ ಆಕೆ ಮೇಕೆಗಳ ಜೊತೆ ನಿಂತಿದ್ದಳು. ಏನು ಮಾಡಲಿ ಎಂದು ಕೇಳಿದಳು. ಗಾಳಿ ಮೂಡಲಿಂದ ಬೀಸುತ್ತಿತ್ತು, ಬೆಂಕಿ ಪಡುವಲಿಗೆ ಹೋಗುತ್ತಿತ್ತು, ಆಕೆಯ ಮನೆ ಇದ್ದದ್ದು ತೆಂಕಲಿಗೆ. ಜೊತೆಗೆ ಬೆಂಕಿಗೂ ಮನೆಗೂ ನಡುವೆ, ಜನವರಿಯಲ್ಲೇ ನಾವು ಹುಲ್ಲು ಸುಟ್ಟು ಬೋಳುಮಾಡಿದ್ದ ಅಗಲವಾದ ಬೆಂಕಿ ರೇಖೆ ಇತ್ತು. ಆ ಲೆಕ್ಕದಲ್ಲಿ ಹೇಳಿದೆ.

ರೇಖೆಯ ಮೇಲೆ ನಿಂತು ಹೊಂಗೆ ಸೊಪ್ಪಿನಲ್ಲಿ ಬೆಂಕಿ ಬಡಿಯುತ್ತಿದ್ದಾಗ ಕೆಳಗೆ ಇನ್ನೊಂದು ಹೊಗೆ ಕಂಡಿತು. ಹುಲ್ಲಿನ ಹೊಗೆ ಬೆಳ್ಳಗೆ, ತೆಳ್ಳಗೆ ಇರುತ್ತದೆ, ಗಾಳಿ ಎಳೆದ ಕಡೆ ಹೋಗುತ್ತದೆ. ಇದು ಕಪ್ಪಗೆ, ದಪ್ಪಗೆ, ಒಂದೇ ಕಂಬವಾಗಿ ಎದ್ದಿತ್ತು. ಹಿರಿಯ ವಾಚರು ಅದನ್ನು ನೋಡಿ ಸೊಪ್ಪು ಕೆಳಗಿಟ್ಟರು. “ಅದು ಮನೆ ಮೇಡಮ್ಮೋರೆ” ಎಂದರು.

ಇಳಿದು ಬರುವಷ್ಟರಲ್ಲಿ ನಾಡಹೆಂಚಿನ ಮಾಡು ಒಳಕ್ಕೆ ಕುಸಿದಿತ್ತು. ಅಗ್ನಿಶಾಮಕ ವಾಹನ ಬಂದಿತ್ತು, ಆದರೆ ಮನೆಗೆ ಬರುವ ಓಣಿಯ ತಿರುವಿನಲ್ಲಿ ನೆಟ್ಟಿದ್ದ ಕಲ್ಲುಕಂಬಕ್ಕೆ ಸಿಕ್ಕಿ ನಿಂತಿತ್ತು. ಪೈಪು ಎಳೆದರೆ ಅರ್ಧಕ್ಕೂ ಸಾಲಲಿಲ್ಲ. ಹೆಂಗಸು ದೊಡ್ಡ ಮೇಕೆಗಳನ್ನು ಹೊಡೆದುಕೊಂಡು ಕೆರೆಯಂಗಳಕ್ಕೆ ಹೋಗಿದ್ದಳು. ಮರಿಗಳು ಮೂರು, ನಡುಮನೆಯಲ್ಲಿ ಮಂಕರಿ ಬುಟ್ಟಿಯ ಕೆಳಗೆ ಇದ್ದವು.

ಆಕೆ ಬಂದು ನೋಡಿದಳು. ಬೈಗುಳಕ್ಕೆ ನಾನು ತಲೆ ಕೊಟ್ಟು ನಿಂತಿದ್ದೆ. ಬೈಯಲಿಲ್ಲ.

“ಬರಕ್ಕಿಲ್ಲ ಅಂದ್ರಲ್ಲವ್ವ” ಎಂದಳು. “ನೀವು ಅಂದ್ರಿ ಅಂತ ಮರಿ ಒಳಗೇ ಬುಟ್ಟು ಓದೆ.”

ಮರುದಿನ ಬೆಳಿಗ್ಗೆ ಮಹಜರಿಗೆ ಅಲ್ಲಿಗೇ ಹೋಗಬೇಕಾಯಿತು. ರಾತ್ರಿಯೆಲ್ಲ ನನಗೆ ಒಂದೇ ಯೋಚನೆ: ಬೆಂಕಿ ರೇಖೆಯನ್ನು ಎಲ್ಲಿ ದಾಟಿತು? ಹೋಗಿ ಅಳೆದು ನೋಡಿದರೆ ಎಲ್ಲೂ ದಾಟಿರಲಿಲ್ಲ. ಬೆಂಕಿ ನಿಂತ ಕಪ್ಪು ಗೆರೆಗೂ ಮನೆಯ ಗೋಡೆಗೂ ಮಧ್ಯೆ ಇನ್ನೂರು ಹೆಜ್ಜೆ ಒಣಹುಲ್ಲು ಹಾಗೇ ನಿಂತಿತ್ತು. ಒಂದು ಎಸಳೂ ಸುಟ್ಟಿರಲಿಲ್ಲ. ಮನೆ ಮಾತ್ರ ಬೂದಿ.

ಅಗ್ನಿಶಾಮಕ ಠಾಣೆಯ ಹಿರಿಯರೊಬ್ಬರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕೋಲಿನಿಂದ ಬೂದಿ ಕೆದಕುತ್ತಿದ್ದರು. ಮಾಗಡಿ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದರು. ನನ್ನನ್ನು ಕರೆದು ಮನೆಯ ಹಿಂಬದಿ ತೋರಿಸಿದರು. ಗೋಡೆಯ ಒಂದು ಕಡೆ ಮಣ್ಣು ಸುಟ್ಟು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ತೆಂಗಿನ ಗರಿ ಒಟ್ಟಿದ್ದರಂತೆ, ಸೂರಿನ ತನಕ.

“ಇಲ್ಲಿಂದ ಹತ್ತೈತೆ. ಗರಿಯಿಂದ ಸೂರಿಗೆ, ಸೂರಿಂದ ಅಟ್ಟಕ್ಕೆ” ಎಂದರು.

“ಇಲ್ಲಿಗೆ ಹೆಂಗೆ ಬಂತು ಸಾರ್? ಹುಲ್ಲೇ ಸುಟ್ಟಿಲ್ವಲ್ಲ.”

“ಬೆಂಕಿ ನಡ್ಕೊಂಡೇ ಬರ್ಬೇಕಾ ಮೇಡಂ? ಗಾಳಿ ಒಂದು ಗಳಿಗೆ ತಿರುಗಿದ್ರೆ ಸಾಕು, ಕಿಡಿ ಹಾರ್ಕೊಂಡು ಬತ್ತದೆ. ಕಿಡಿ ಚಳಿಗಾಲದ ಬೆಕ್ಕಿದ್ದಂಗೆ, ಬೆಚ್ಚಗಿರೋ ಮೂಲೆ ಹುಡುಕ್ತದೆ. ಬಯಲಲ್ಲಿ ಬಿದ್ರೆ ಆರೋಯ್ತದೆ. ಗರಿ ಮಧ್ಯೆ, ಹುಲ್ಲು ಮೆದೆ ಒಳಗೆ, ಹೆಂಚಿನ ಸಂದೀಲಿ ಇಲಿ ಕಟ್ಟಿರೋ ಗೂಡೊಳಗೆ ಬಿದ್ರೆ ಕೂತ್ಕೊಂಡು ಕಾವು ಕೊಡ್ತದೆ. ಅರ್ಧ ಗಂಟೆ ಯಾರಿಗೂ ಗೊತ್ತಾಗಕ್ಕಿಲ್ಲ.”

ನನಗೆ ಕಲಿಸಿದ್ದು ರೇಖೆ ಎಳೆಯುವುದು, ಎದುರು ಬೆಂಕಿ ಕೊಡುವುದು, ಗಾಳಿ ನೋಡುವುದು. ಎಲ್ಲವೂ ಬೆಂಕಿಯನ್ನು ನೋಡುವ ವಿದ್ಯೆ. ಮನೆಯನ್ನು ನೋಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾರ ಮನೆ ಮುಂದೆ ಹೋದರೂ ಕಣ್ಣು ಸೂರಿಗೇ ಹೋಗುತ್ತಿತ್ತು. ಭಾನುವಾರ ಬಸ್ಸಿನಲ್ಲಿ ಚನ್ನಪಟ್ಟಣದ ತವರಿಗೆ ಹೋದರೆ, ದಾರಿಯುದ್ದಕ್ಕೂ ಹಿತ್ತಿಲುಗಳಲ್ಲಿ ಒಟ್ಟಿದ್ದ ಗರಿ, ಸೌದೆ, ಗೊಂಬೆ ಕಾರ್ಖಾನೆಯ ಹಿಂದೆ ಗುಡ್ಡೆಹಾಕಿದ ಮರದ ಹೊಟ್ಟು ಇವೇ ಕಂಡವು. ಊಟಕ್ಕೆ ಕೂತಾಗ ಅಮ್ಮ, “ತಟ್ಟೆ ನೋಡ್ಕೊಂಡು ಉಣ್ಣೇ, ಮಾಡು ಯಾಕ್ ನೋಡ್ತೀಯ” ಎಂದಳು. ಸಂಜೆಯವರೆಗೆ ಇರಬೇಕಾದವಳು ಮಧ್ಯಾಹ್ನದ ಬಸ್ಸಿಗೇ ಹೊರಟುಬಂದೆ.

ನನ್ನ ಗಸ್ತಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹನ್ನೊಂದು ಮನೆಗಳ ಒಂದು ದೊಡ್ಡಿ. ಬೆಟ್ಟದ ಬುಡಕ್ಕೇ ಅಂಟಿಕೊಂಡ ಊರು. ಅದರ ನೆತ್ತಿಯ ಮೇಲೆ ಎರಡು ವರ್ಷದಿಂದ ಸುಡದ ಹುಲ್ಲು. ಅದಕ್ಕೂ ಮೇಲೆ ನಮ್ಮ ನೆಡುತೋಪು: ನಾನು ಈ ಗಸ್ತಿಗೆ ಬಂದ ವರ್ಷವೇ ನೆಡಿಸಿದ್ದ ಹೊಂಗೆ, ಬೇವು, ದಿಂಡಿಗದ ಗಿಡಗಳು. ಹಿರಿಯ ವಾಚರು ಎರಡು ಬೇಸಿಗೆ ಕೆಳಗಿನ ಹಳ್ಳದಿಂದ ಬಿಂದಿಗೆ ಹೊತ್ತು ಅವನ್ನು ಉಳಿಸಿದ್ದರು. ಮಾರ್ಚಿನಲ್ಲಿ ಮೇಲಿನವರು ಪರಿಶೀಲನೆಗೆ ಬರುವವರಿದ್ದರು.

ದೊಡ್ಡಿಗೆ ಹೋಗಿ ಮನೆಮನೆ ಸುತ್ತಿದೆ. ಗರಿ ತೆಗೀರಿ, ಸೌದೆ ಗೋಡೆಯಿಂದ ದೂರ ಇಡಿ, ಮೆದೆ ಆಚೆ ಹಾಕಿ. ಗಾರ್ಡು ಹೇಳಿದ್ದನ್ನು ಯಾರು ಕೇಳುತ್ತಾರೆ? “ಬೆಟ್ಟದಿಂದ ಒಂದು ಕಡ್ಡಿ ತಂದ್ರೆ ಕೇಸ್ ಹಾಕ್ತಿದ್ರಿ, ಈಗ ಮನೇಲಿರೋ ಕಡ್ಡೀನೂ ತೆಗೀರಿ ಅಂತೀರಾ?” ಎಂದು ಒಬ್ಬರು ನಕ್ಕರು. ಎಲ್ಲಕ್ಕಿಂತ ಮೇಲಿನ ಮನೆಯ ರೈತ ನಗಲೂ ಇಲ್ಲ. ಅವರ ರಾಗಿಹುಲ್ಲಿನ ಮೆದೆ ರೇಷ್ಮೆಹುಳು ಸಾಕುವ ಮನೆಯಿಂದ ಆರು ಹೆಜ್ಜೆಗಿತ್ತು. ಎರಡರ ಮಧ್ಯೆ ದನಕ್ಕೆಂದು ಹಾಕಿದ ಸೋಗೆ ಚಪ್ಪರ.

“ಮೆದೆ ಆಚೆ ಹಾಕ್ತೀನಿ. ಆನೆ ಬಂದು ಎಳ್ದು ಹಾಕ್ತದೆ. ಓದ್ವರ್ಸ ಹಾಕೈತೆ. ಅದನ್ನ ಕಾಯಕ್ಕೂ ನೀವೇ ಬತ್ತೀರಾ?” ಎಂದು ಕೇಳಿದರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮೆದೆಯನ್ನು ಮನೆಗೆ ಒತ್ತಿ ಹಾಕಲು ಕಲಿಸಿದ್ದೇ ಆನೆ.

ಹಾಗೆ ಸುತ್ತಿದ ಮೂರನೆಯ ದಿನ ನಾನು ಮನೆ ಕಳೆದುಕೊಂಡ ಆ ಹೆಂಗಸಿನ ಹತ್ತಿರ ಹೋದೆ. ತಂಗಿಯ ಮನೆಯ ಜಗಲಿಯಲ್ಲಿ ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಹೇಗೆ ಕೇಳಲಿ ಎಂದು ತಿಳಿಯದೆ, “ನನ್ನ ಮಾತು ಅಲ್ಲಿ ನಡೀತಿಲ್ಲ. ನನ್ನ ಮಾತು ನಂಬಿ ಏನಾಯ್ತು ಅಂತ ನೀವೇ ಬಂದು ಹೇಳ್ತೀರಾ?” ಎಂದೆ. ಸೊಪ್ಪು ಕಟ್ಟಿ ಮುಗಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಸ್ಕೂಟರಿನ ಹಿಂದೆ ಕೂತಳು.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದು ಸಾಲು ನಿಂತವರ ಮುಂದೆ ಆಕೆ ದನಿ ಎತ್ತರಿಸದೆ ಹೇಳಿದಳು: “ಈ ಗಾರ್ಡಮ್ಮ ಬೆಂಕಿ ಬರಕ್ಕಿಲ್ಲ ಅಂದ್ಲು. ಬರ್ನಿಲ್ಲ. ಮನೆ ಓಯ್ತು. ಬೆಂಕಿ ಬರ್ದೇ ಇದ್ರೂ ಮನೆ ಓಯ್ತದೆ ಕಣ್ರವ್ವ. ನನ್ ಮನೆ ಇಂದೆ ಗರಿ ಇತ್ತು. ಅಷ್ಟೇಯ.”

ಆ ಸಾಲಿನಲ್ಲಿ ಬಹುಪಾಲು ಹೆಂಗಸರೇ ಇದ್ದರು. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೂರು ಮನೆಯ ಹಿತ್ತಿಲು ಗುಡಿಸಿ ಸಾಫಾಗಿತ್ತು. ವಾರದೊಳಗೆ ಹನ್ನೊಂದರಲ್ಲಿ ಎಂಟು ಮನೆಯವರು ಗರಿ, ಸೌದೆ, ಮಟ್ಟೆಗಳನ್ನು ಹಿಪ್ಪುನೇರಳೆ ತೋಟದ ಆಚೆ ಬದಿಗೆ ಸಾಗಿಸಿದರು. ಎರಡು ಮನೆಯಲ್ಲಿ ಕೆಲಸ ಅರ್ಧ ಆಗಿತ್ತು. ಹೆಂಚಿನ ಸಂದುಗಳಿಂದ ಇಲಿಗೂಡು ಕಿತ್ತು ತೆಗೆದೆವು. ಅಗ್ನಿಶಾಮಕ ಠಾಣೆಯ ಹಿರಿಯರು ಒಂದು ದಿನ ಬಂದು ದೊಡ್ಡಿಯ ಓಣಿಯುದ್ದ ನಡೆದು, ಇಲ್ಲಿಯೂ ತಿರುವಿನಲ್ಲಿದ್ದ ಎರಡು ಕಲ್ಲುಕಂಬ ಕೀಳಿಸಿದರು. “ಈಗ ನಮ್ಮ ಗಾಡಿ ಬತ್ತದೆ” ಎಂದರು.

ಉಳಿದದ್ದು ಮೇಲಿನ ಮನೆ. ರೈತ ಅಷ್ಟು ಹೊತ್ತಿಗೆ ಒಸಿ ಮೆತ್ತಗಾಗಿದ್ದರು. “ಹುಳ ಪೊರೆ ಬುಟ್ಟು, ನಾಲ್ಕನೇ ಜ್ವರ ಎದ್ದು ಐದು ದಿನ ಆಯ್ತು. ದಿನಕ್ಕೆ ಮೂರೊತ್ತು ಸೊಪ್ಪು ಕೊಯ್ದು ಹಾಕ್ಬೇಕು, ಕೈ ಬಿಡುವಿಲ್ಲ. ಸೋಮ್ವಾರ ಟ್ರಾಕ್ಟ್ರು ಕೇಳಿದ್ದೀನಿ, ಆವಾಗ ಮೆದೆ ಸಾಗ್ಸಾನ” ಎಂದರು.

ನನ್ನ ಮೇಲಧಿಕಾರಿ ಫಾರೆಸ್ಟರಿಗೆ ಇದೆಲ್ಲ ಇಷ್ಟವಿರಲಿಲ್ಲ. ಕೆಟ್ಟವರಲ್ಲ, ಬೆಂಕಿ ಎಂದರೆ ಮೊದಲು ಓಡುವವರು. “ವಾಚರುಗಳನ್ನ ಗರಿ ಹೊರೋಕೆ ಹಚ್ಚಿದ್ದೀರಂತೆ. ಮನೆ ಪಂಚಾಯಿತಿಗೆ ಸೇರಿದ್ದಮ್ಮ, ನಮ್ಮದು ಬೆಟ್ಟ. ನಾಳೆ ಗಿಡ ಹೋದ್ರೆ ಯಾರೂ ನಿಮ್ಮನ್ನ ಮನೆ ಉಳಿಸಿದ್ರಾ ಅಂತ ಕೇಳಲ್ಲ” ಎಂದರು. ನಾನು ಹೂಂ ಎಂದೆ. ಮಧ್ಯಾಹ್ನ ಮತ್ತೆ ದೊಡ್ಡಿಗೇ ಹೋದೆ.

ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಗುರುವಾರ ಹನ್ನೊಂದೂವರೆಗೆ, ಬೆಟ್ಟದ ಆಚೆ ಮಗ್ಗುಲಲ್ಲಿ ಹೊಗೆ ಎದ್ದಿತು. ಉಪಗ್ರಹದಿಂದ ಮೊಬೈಲಿಗೆ ಬರುವ ಎಚ್ಚರಿಕೆ ಬರುವ ಹೊತ್ತಿಗೆ ನಾವು ಅರ್ಧ ಬೆಟ್ಟ ಹತ್ತಿದ್ದೆವು. ಐದು ಜನ, ಒಣ ಎಲೆ ಊದಿ ದೂರ ತಳ್ಳುವ ಒಂದು ಬ್ಲೋವರ್ ಯಂತ್ರ, ಬೆನ್ನಿಗೆ ಕಟ್ಟುವ ಒಂದು ನೀರಿನ ಕ್ಯಾನು, ಉಳಿದದ್ದು ಕೈಯಲ್ಲಿ ಹೊಂಗೆ ಸೊಪ್ಪು.

ನೆಡುತೋಪಿನ ಮೇಲಂಚಿಗೆ ಹೋಗಿ ಕೆಲಸ ಹಿಡಿದೆವು. ಒಬ್ಬ ಮುಂದೆ ಎಲೆ ಊದುತ್ತಾ ಹೋಗುವುದು, ಹಿಂದಿನಿಂದ ಒಬ್ಬ ಎದುರು ಬೆಂಕಿ ಹಚ್ಚುವುದು, ಮಿಕ್ಕವರು ಅದು ನಮ್ಮ ಕಡೆಗೆ ದಾಟದಂತೆ ಬಡಿಯುವುದು. ನಾವು ಹಚ್ಚಿದ್ದು ಮೇಲಕ್ಕೆ ಉರಿದು, ಬರುವ ಬೆಂಕಿಗೆ ತಿನ್ನಲು ಏನೂ ಉಳಿಯದಂತೆ ಮಾಡಬೇಕು. ಮುಕ್ಕಾಲು ಗಂಟೆ ಎಲ್ಲ ಸರಿಯಾಗಿಯೇ ನಡೆಯಿತು. ನಾನು ಮಾತ್ರ ಹತ್ತು ಹೆಜ್ಜೆಗೊಮ್ಮೆ ತಿರುಗಿ ಕೆಳಗೆ ದೊಡ್ಡಿಯನ್ನು ನೋಡುತ್ತಿದ್ದೆ.

ಒಂದು ಗಂಟೆಯ ಸುಮಾರಿಗೆ ಗಾಳಿ ತಿರುಗಿತು. ಎರಡು ಬಂಡೆಗಳ ನಡುವಿನ ಕಣಿವೆಯಿಂದ ನುಗ್ಗಿದ ಗಾಳಿ ಬೆಂಕಿಯನ್ನು ಎರಡು ಸೀಳು ಮಾಡಿತು. ಒಂದು ನಾವು ನಿಂತ ನೆಡುತೋಪಿನ ಕಡೆಗೆ ಬಂತು. ಇನ್ನೊಂದು ಪಕ್ಕದ ಹಳ್ಳಕ್ಕೆ ಬಿತ್ತು. ಹಳ್ಳದ ತುಂಬ ಲಾಂಟಾನ, ತಲೆಯೆತ್ತರಕ್ಕೆ ಹೆಣೆದುಕೊಂಡ ಒಣಪೊದೆ. ಆ ಹಳ್ಳ ಇಳಿಯುವುದು ನೇರ ದೊಡ್ಡಿಯ ಮೇಲಿನ ಮನೆಗೆ.

ಫೋನು ಮಾಡಿದೆ. ಫಾರೆಸ್ಟರು ಕನಕಪುರ ಕಡೆಯ ಇನ್ನೊಂದು ಬೆಂಕಿಯಿಂದ ಜನ ಕರೆದುಕೊಂಡು ಹೊರಟಿದ್ದರು. “ಒಂದು ಗಂಟೆ ತಡೀರಿ. ಗಿಡದ ಜಾಗ ಬಿಡ್ಬೇಡಿ. ಇಳಿಜಾರಲ್ಲಿ ಬೆಂಕಿ ನಿಧಾನ ಅಮ್ಮ, ಅಷ್ಟು ಬೇಗ ದೊಡ್ಡಿಗೆ ಹೋಗಲ್ಲ” ಎಂದರು.

ಅವರು ಹೇಳಿದ್ದು ಸರಿ. ಬೆಂಕಿ ಏರುವಷ್ಟು ಬೇಗ ಇಳಿಯುವುದಿಲ್ಲ. ದೊಡ್ಡಿ ತಲುಪಲು ಅದಕ್ಕೆ ಒಂದು ಗಂಟೆಯಾದರೂ ಬೇಕಿತ್ತು. ಆದರೆ ಲಾಂಟಾನದಿಂದ ಎದ್ದ ಕಿಡಿಗಳು ನಮ್ಮ ತಲೆಯ ಮೇಲೆ ಹಾದು ಕೆಳಕ್ಕೆ ಹೋಗುತ್ತಿದ್ದವು. ಅವಕ್ಕೆ ಹತ್ತು ನಿಮಿಷ ಸಾಕು. ಐದು ಜನರಲ್ಲಿ ಇಬ್ಬರನ್ನು ಇಲ್ಲಿ ಬಿಟ್ಟು ಮೂವರು ಇಳಿದರೆ? ಇಬ್ಬರಿಗೆ ರೇಖೆ ನಿಲ್ಲುವುದಿಲ್ಲ, ಅವರೇ ಬೆಂಕಿಯ ಮಧ್ಯೆ ಸಿಕ್ಕಿಕೊಳ್ಳುತ್ತಾರೆ. ಎಲ್ಲರೂ ಇರಬೇಕು, ಇಲ್ಲ ಎಲ್ಲರೂ ಇಳಿಯಬೇಕು.

“ಇಳೀರಿ” ಎಂದೆ.

ಹಿರಿಯ ವಾಚರು ಅಲ್ಲಾಡಲಿಲ್ಲ. ಮುಖದ ಮಸಿಯಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. “ಗಿಡ ಓಯ್ತವೆ ಮೇಡಮ್ಮೋರೆ. ಎರಡು ವರ್ಸ ನೀರು ಒತ್ತಿದ್ದೀನಿ” ಎಂದರು.

“ಗೊತ್ತು. ಇಳೀರಿ.”

ಅವರು ಒಂದು ಸಲ ಗಿಡಗಳ ಸಾಲಿನತ್ತ ನೋಡಿದರು. ಆಮೇಲೆ ಕ್ಯಾನನ್ನು ಬೆನ್ನಿಗೆ ಎಳೆದುಕೊಂಡು, ನಮ್ಮೆಲ್ಲರಿಗಿಂತ ಮುಂದೆ, ಜಾರುತ್ತಾ ಬೀಳುತ್ತಾ ಇಳಿಯತೊಡಗಿದರು. ಓಡುತ್ತಲೇ ನಾನು ಠಾಣೆಯ ಹಿರಿಯರಿಗೆ ಫೋನು ಮಾಡಿದೆ.

ದೊಡ್ಡಿಯ ಮೂರು ಕಡೆ ಹಿಪ್ಪುನೇರಳೆ ಹಸಿರಾಗಿ ನಿಂತಿತ್ತು. ನೀರು ಕಂಡ ಹಿಪ್ಪುನೇರಳೆ ಬೆಂಕಿಗೆ ಬಗ್ಗುವುದಿಲ್ಲ, ಅದೇ ಒಳ್ಳೆಯ ರೇಖೆ. ಆದರೆ ಮೇಲಿನ ಮನೆಯವರು ಹಿಂದಿನ ದಿನವಷ್ಟೇ ಕೊನೆಯ ಸೊಪ್ಪು ಕೊಯ್ದಿದ್ದರು. ಅವರ ತೋಟದಲ್ಲಿ ಬರೀ ಕಡ್ಡಿ, ಬುಡದಲ್ಲಿ ಒಣಗಿದ ತರಗು. ಹಸಿರು ಇರಬೇಕಾದ ಕಡೆಯೇ ಬಾಗಿಲು ತೆರೆದಂತಾಗಿತ್ತು.

ಮೊದಲು ಕರೆಂಟು ಇದೆಯಾ ಎಂದು ಕೇಳಿದೆ. ತ್ರೀಫೇಸ್ ಬರುವುದು ಸಂಜೆಗೆ, ಮೋಟಾರು ಓಡುವುದಿಲ್ಲ. ಹಿಪ್ಪುನೇರಳೆಗೆ ಔಷಧಿ ಹೊಡೆಯುವ ಪೆಟ್ರೋಲ್ ಸ್ಪ್ರೇಯರ್ ಎರಡು ಇದ್ದವು. ಒಂದನ್ನು ಮೇಲಿನ ಮನೆಗೆ, ಒಂದನ್ನು ಉಳಿದ ಮನೆಗಳ ಸಾಲಿಗೆ ಹಚ್ಚಿದೆ. ಹೆಂಗಸರು ಡ್ರಮ್ಮು, ಹಂಡೆ, ಕ್ಯಾನು, ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿ ಜಗಲಿಗೆ ತಂದಿಟ್ಟರು. ಮನೆಗೊಬ್ಬರು ನೆನೆಸಿದ ಗೋಣಿಚೀಲ ಹಿಡಿದು ಏಣಿ ಹತ್ತಿ ಮಾಡಿನ ಮೇಲೆ ಕೂತರು. ಕಿಡಿ ಬಿದ್ದ ಕಡೆ ಗೋಣಿ ಒತ್ತುವುದು, ಅಷ್ಟೇ ಕೆಲಸ. ಬೀಳುತ್ತಲೇ ಇದ್ದವು. ಹಿತ್ತಿಲಲ್ಲಿ ಗುಡಿಸಿದ ಬರಿನೆಲದ ಮೇಲೆ ಬಿದ್ದವು ಕೆಂಪಗೆ ಕಣ್ಣುಬಿಟ್ಟು, ಬೂದಿಯಾಗಿ, ಸುಮ್ಮನಾಗುತ್ತಿದ್ದವು. ಅದನ್ನು ನೋಡುತ್ತಾ ನಿಲ್ಲುವಷ್ಟು ಪುರುಸೊತ್ತು ನನಗಿರಲಿಲ್ಲ, ಆದರೂ ಒಂದು ಕ್ಷಣ ನಿಂತೆ.

ಮೇಲಿನ ಮನೆಯ ರೈತ ಬಕೆಟ್ಟು ಹಿಡಿದು ಮೆದೆಗೆ ನೀರು ಎರಚುತ್ತಿದ್ದರು. ಒಂದು ವರ್ಷದ ಹುಲ್ಲು, ಮಾಡಿಗಿಂತ ಎತ್ತರ. ಹತ್ತು ಬಕೆಟ್ಟು ಅದಕ್ಕೆ ತೀರ್ಥ ಹಾಕಿದಂತೆ. ಅವರ ಹೆಂಡತಿ ಹುಳುಮನೆಯೊಳಗೆ ಇದ್ದರು. ಹುಳುಗಳು ಆ ಬೆಳಿಗ್ಗೆಯೇ ಹಣ್ಣಾಗಿದ್ದವು, ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ಬಿಟ್ಟಿದ್ದರು.

“ಹೊರಗೆ ಬನ್ನಿ ಅಕ್ಕ” ಎಂದೆ.

“ಬಾಗ್ಲು ಹಾಕವ್ವ, ಹೊಗೆ ಬತ್ತದೆ” ಎಂದು ಒಳಗಿಂದಲೇ ಹೇಳಿದರು.

“ಮೆದೆ ಹತ್ಕೊಂಡ್ರೆ ಈ ಮಾಡು ನಿಲ್ಲಲ್ಲ.”

“ಈಗ ತಾನೆ ನೂಲು ಬಿಡ್ತಾವೆ. ಈಗ ಬುಟ್ಟು ಬಂದ್ರೆ ಎಂಗೆ? ಕಿಟಕಿಗೆ ಒದ್ದೆ ಸೀರೆ ಕಟ್ತೀನಿ. ನೀನು ಆಚೆ ನೋಡ್ಕೊ, ನಾನು ಈಚೆ ನೋಡ್ಕತೀನಿ.”

ಎಳೆದು ತರಬಹುದಿತ್ತು. ಕೈ ಹಿಡಿದೆ ಕೂಡ. ಆಕೆಯ ಬೆರಳ ಮೇಲೆ ಒಂದು ಹುಳು ಇತ್ತು, ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ನೂಲಿಗೆ ಜಾಗ ಹುಡುಕುತ್ತಿತ್ತು. ಕೈ ಬಿಟ್ಟೆ. ಬಾಗಿಲಲ್ಲಿ ಒಬ್ಬ ವಾಚರನ್ನು ನಿಲ್ಲಿಸಿ, “ನಾನು ಕೂಗಿದ ತಕ್ಷಣ ಅಕ್ಕನ್ನ ಹೊತ್ಕೊಂಡಾದ್ರೂ ಬನ್ನಿ” ಎಂದೆ. ಅದು ಸರಿಯೋ ತಪ್ಪೋ ಈಗಲೂ ನನಗೆ ಗೊತ್ತಿಲ್ಲ.

ಮೆದೆ ಹೊತ್ತಿಕೊಂಡದ್ದನ್ನು ಯಾರೂ ನೋಡಲಿಲ್ಲ. ನಾವು ನೀರು ಹಾಕುತ್ತಿದ್ದದ್ದು ಬೆಟ್ಟದ ಕಡೆಗೆ, ಕಿಡಿ ಕೂತದ್ದು ಹಿಂಬದಿಯಲ್ಲಿ. ತೆಳು ಹೊಗೆ ಕಂಡಾಗ ಹಿರಿಯ ವಾಚರು ಕೈ ತೂರಿಸಿ ನೋಡಿ, ಸುಟ್ಟುಕೊಂಡು ಎಳೆದುಕೊಂಡರು. “ಒಳಗೆ ಓಗ್ಬುಟ್ಟೈತೆ” ಎಂದರು.

ಮೆದೆ ಉಳಿಸುವ ಆಸೆಯನ್ನು ಅಲ್ಲಿಗೇ ಬಿಟ್ಟೆ. ಇನ್ನು ಉಳಿಸಬೇಕಾದದ್ದು ಮೆದೆಗೂ ಹುಳುಮನೆಗೂ ನಡುವಿನ ಆರು ಹೆಜ್ಜೆ. ಆ ಆರು ಹೆಜ್ಜೆಯಲ್ಲಿ ಸೋಗೆ ಚಪ್ಪರ ಸೇತುವೆಯ ಹಾಗೆ ನಿಂತಿತ್ತು.

“ಚಪ್ಪರ ಬೀಳ್ಬೇಕು” ಎಂದೆ.

ರೈತ ನನ್ನನ್ನು ನೋಡಿದರು, ಮೆದೆಯನ್ನು ನೋಡಿದರು. ಬಕೆಟ್ಟು ಎಸೆದು ಒಳಗೆ ಹೋಗಿ ಮಚ್ಚು ತಂದರು. ಪಕ್ಕದ ಮನೆಯವನನ್ನು ಕೂಗಿದರು, “ಲೇ, ಟ್ರಾಕ್ಟ್ರು ತಾರ್ಲಾ! ಹಗ್ಗ ತಾ!” ದನ ಬಿಚ್ಚಿ ಓಡಿಸಿದರು. ಗೋಡೆಯ ಕಡೆಯ ಕಂಬಗಳ ಕಟ್ಟನ್ನು ಅವರೇ ಕಡಿದರು, ಹೊರಗಿನ ಕಂಬಗಳಿಗೆ ಹಗ್ಗ ಬಿಗಿದೆವು. ಅಷ್ಟರಲ್ಲಿ ಮೆದೆ ಧಗ್ ಎಂದು ಎದ್ದಿತು. ಆ ಕಾವಿಗೆ ನನ್ನ ಹುಬ್ಬು ಚುರುಗುಟ್ಟಿತು. ಟ್ರ್ಯಾಕ್ಟರು ಒಂದು ಸಲ ಎಳೆಯಿತು, ಹಗ್ಗ ಜಾರಿತು. ಹೊಸದಾಗಿ ಬಿಗಿದು ಎಳೆದರೆ ಚಪ್ಪರ ನರಳುತ್ತಾ ಓರೆಯಾಗಿ, ಪೂರ್ತಿ ಕಿತ್ತು ಬಂತು. ಅದರ ಒಂದು ತುದಿ ಆಗಲೇ ಉರಿಯುತ್ತಿತ್ತು. ಉರಿಯುತ್ತಿದ್ದಂತೆಯೇ ಟ್ರ್ಯಾಕ್ಟರು ಅದನ್ನು ಬರಿ ಹೊಲಕ್ಕೆ ಎಳೆದುಕೊಂಡು ಹೋಯಿತು.

ಸ್ಪ್ರೇಯರನ್ನು ಹುಳುಮನೆಯ ಗೋಡೆಗೆ ಹಿಡಿದೆವು. ನೀರು ಗೋಡೆಗೆ ಬಿದ್ದ ಕೂಡಲೇ ಹಬೆಯಾಗುತ್ತಿತ್ತು. ಡ್ರಮ್ಮಿನಲ್ಲಿ ನೀರು ತಳ ಕಂಡಿತು. ಬಾಗಿಲಲ್ಲಿದ್ದ ವಾಚರು ನನ್ನ ಮುಖವನ್ನೇ ನೋಡುತ್ತಿದ್ದರು. ಕೂಗಲು ಬಾಯಿ ತೆರೆದಿದ್ದೆ. ಓಣಿಯ ತಿರುವಿನಲ್ಲಿ ಗಂಟೆಯ ಸದ್ದು ಕೇಳಿಸಿತು. ಅಗ್ನಿಶಾಮಕ ವಾಹನ ಎಲ್ಲೂ ನಿಲ್ಲದೆ ಅಂಗಳಕ್ಕೇ ಬಂತು.

ಠಾಣೆಯ ಹಿರಿಯರು ಪೈಪನ್ನು ಮೆದೆಗೆ ಹಿಡಿಯಲಿಲ್ಲ. ಮೊದಲು ಗೋಡೆ, ಆಮೇಲೆ ಮಾಡು, ಆಮೇಲೆ ಸುತ್ತಲ ನೆಲ. ಮೆದೆ ತನ್ನ ಪಾಡಿಗೆ ಉರಿದು ಕುಸಿಯಿತು. ಹಳ್ಳದ ಬೆಂಕಿ ದೊಡ್ಡಿಯ ಅಂಚಿಗೆ ಬಂದದ್ದು ಅದಾದ ಅರ್ಧ ಗಂಟೆಯ ಮೇಲೆ. ಆ ಹೊತ್ತಿಗೆ ಫಾರೆಸ್ಟರು ಹನ್ನೆರಡು ಜನರೊಂದಿಗೆ ಬಂದಿದ್ದರು. ಕಡ್ಡಿ ತೋಟದ ಮೇಲಂಚಿನಲ್ಲಿ ಎದುರು ಬೆಂಕಿ ಕೊಟ್ಟು ನಿಲ್ಲಿಸಿದೆವು. ಅದು ದೊಡ್ಡ ಕೆಲಸವಾಗಲಿಲ್ಲ.

ಹನ್ನೊಂದು ಮನೆಯೂ ನಿಂತಿದ್ದವು. ಹುಳುಮನೆಯ ಬಾಗಿಲು ತೆರೆದಾಗ ಆ ಅಕ್ಕ ಕೆಮ್ಮುತ್ತಾ ಹೊರಗೆ ಬಂದು ಜಗಲಿಯ ಮೇಲೆ ಕೂತರು. ಒದ್ದೆ ಸೀರೆಗಳು ಕಿಟಕಿಯಲ್ಲಿ ಮಸಿ ಹಿಡಿದಿದ್ದವು. “ಅರ್ಧ ನೂಲು ಬುಟ್ಟವೆ, ಅರ್ಧ ಸುಮ್ಕೆ ಮನ್ಗವೆ. ನಾಳಿಕೆ ಗೊತ್ತಾಯ್ತದೆ” ಎಂದರು. ಮರುದಿನ ಕೇಳಿದಾಗ ಮಲಗಿದವು ಎದ್ದಿರಲಿಲ್ಲ. ಕಟ್ಟಿದ ಗೂಡುಗಳಲ್ಲೂ ಬಹಳಷ್ಟು ತೆಳುವಾಗಿದ್ದವು. ರೈತ ಸುಟ್ಟ ಮೆದೆಯ ಜಾಗ ತೋರಿಸಿ, “ದನಕ್ಕೆ ಹುಲ್ಲು ಪಕ್ಕದೋರು ಕೊಡ್ತವ್ರೆ” ಎಂದಷ್ಟೇ ಅಂದರು.

ಶುಕ್ರವಾರ ಬೆಳಿಗ್ಗೆ ನೆಡುತೋಪಿಗೆ ಹತ್ತಿದೆ. ಉಳಿದದ್ದು ಗುಂಡಿಗಳ ಸಾಲು, ಪ್ರತಿ ಗುಂಡಿಯಲ್ಲಿ ಒಂದು ಕಪ್ಪು ಕಡ್ಡಿ. ಹಿರಿಯ ವಾಚರು ನನಗಿಂತ ಮೊದಲೇ ಬಂದಿದ್ದರು. ಸಾಲಿನಿಂದ ಸಾಲಿಗೆ ನಡೆಯುತ್ತಾ ಕಡ್ಡಿಗಳನ್ನು ಮುಟ್ಟಿ ನೋಡುತ್ತಿದ್ದರು. ಮುಟ್ಟಿದವು ಪುಡಿಯಾಗುತ್ತಿದ್ದವು. ನಾನು ಹತ್ತಿರ ಹೋಗಲಿಲ್ಲ.

ಹತ್ತು ದಿನಕ್ಕೆ ಕಾರಣ ಕೇಳಿ ನೋಟಿಸು ಬಂತು. ನೆಡುತೋಪಿನ ರಕ್ಷಣೆಗೆ ನಿಯೋಜಿತ ಸಿಬ್ಬಂದಿ ಸ್ಥಳದಲ್ಲಿ ಇರಲಿಲ್ಲವೇಕೆ? ವಿವರಣೆ ಬರೆದುಕೊಂಡು ಫಾರೆಸ್ಟರ ಕಚೇರಿಗೆ ಹೋದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು.

“ಇಷ್ಟೆಲ್ಲ ಬೇಡ ಅಮ್ಮ. ‘ಗಾಳಿ ತಿರುಗಿತು, ಬೆಂಕಿ ಹತೋಟಿಗೆ ಸಿಗಲಿಲ್ಲ’ ಅಂತ ಎರಡು ಸಾಲು ಬರೀರಿ. ನಾನೂ ಹಾಗೇ ಷರಾ ಹಾಕ್ತೀನಿ. ಗಾಳಿ ತಿರುಗಿದ್ದಂತೂ ನಿಜ ತಾನೆ?”

ನಿಜವೇ. ಆ ಎರಡು ಸಾಲಿನಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಹಾಗೆ ಬರೆದರೆ ಗಿಡ ಸುಟ್ಟದ್ದು ಗಾಳಿಯಿಂದ ಎಂದಾಗುತ್ತದೆ. ನಾಳೆ ಇನ್ನೊಬ್ಬ ಗಾರ್ಡು ಇನ್ನೊಂದು ಬೆಟ್ಟದ ಮೇಲೆ ನಿಂತು ಕೆಳಗಿನ ಊರನ್ನೂ ಮುಂದಿನ ಗಿಡಗಳನ್ನೂ ನೋಡುವಾಗ, ಹಿಂದೆ ಯಾರೋ ಒಬ್ಬರು ಇಳಿದಿದ್ದರು ಎನ್ನುವುದು ಯಾವ ಕಾಗದದಲ್ಲೂ ಇರುವುದಿಲ್ಲ.

“ನಾನು ಇಳಿದದ್ದೂ ನಿಜ ಸಾರ್. ಇದೇ ಇರಲಿ” ಎಂದೆ.

“ತೊಂದರೆ ಆಗಬಹುದು.”

“ಗೊತ್ತು ಸಾರ್.”

ಅವರು ಪೆನ್ನು ನನ್ನ ಕಡೆ ತಳ್ಳಿದರು. ಸಹಿ ಹಾಕಿದೆ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಹಿರಿಯ ವಾಚರು ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಸುಟ್ಟ ಕೈಗೆ ಇನ್ನೂ ಬಟ್ಟೆ ಸುತ್ತಿತ್ತು.

“ಅದ್ರಾಗೆ ನಂದೂ ಸೈನ್ ಹಾಕ್ತೀನಿ ಮೇಡಮ್ಮೋರೆ” ಎಂದರು.

“ಬೇಡ. ನೀವು ದಿನಗೂಲಿಯವರು. ನನ್ನನ್ನ ಕೇಳ್ತಾರೆ, ನಿಮ್ಮನ್ನ ಕೇಳೋದೂ ಇಲ್ಲ, ನಾಳೆಯಿಂದ ಬರಬೇಡ ಅಂತಾರೆ.”

“ಅನ್ಲಿ. ಇಳ್ದಿದ್ದು ನೀವೊಬ್ರೇನಾ?” ಎಂದು ಒಳಗೆ ಬಂದರು. “ಆ ಗಿಡ ನೆಟ್ಟವ್ನು ನಾನು. ಬುಟ್ಟು ಬಂದವ್ನೂ ನಾನೇ. ಗಾಳಿ ತಕ್ಕೊಂಡೋಯ್ತು ಅಂತ ಯಾರೂ ಬರ್ಕೋಬಾರ್ದು.”

ಆ ಕಾಗದದಲ್ಲಿ ವಾಚರಿನ ಸಹಿಗೆ ಜಾಗವೇ ಇಲ್ಲ. ಫಾರೆಸ್ಟರು ನನ್ನ ಹೆಸರಿನ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಹಿರಿಯ ವಾಚರು ಮೇಜಿನ ಮೇಲೆ ಬಗ್ಗಿ, ಬಲಗೈ ಸುಟ್ಟಿದ್ದರಿಂದ ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ತಮ್ಮ ಹೆಸರು ಬರೆದರು. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.